ಮೇಡಂ ಕೂತ ಬೆಂಚು

ನಮ್ಮ ಕಾಲೇಜಿಗೆ ಒಬ್ಬ ಪ್ರೊಫೆಸರ್ ಬೇಕಾಗಿದ್ದರು. ಕೊಟ್ಟೂರಿನಲ್ಲಿ ಬಿ.ಇಡಿ. ಕಾಲೇಜು ನಡೆಸುವ ನಮ್ಮ ಟ್ರಸ್ಟಿನವರು ಹೊಸದಾಗಿ ಒಂದು ಸ್ನಾತಕೋತ್ತರ ಕೋರ್ಸ್ ತರಲು ಹೊರಟಿದ್ದರು. ಅದರ ಹೆಸರು ಬೋಧನಾ ನಾಯಕತ್ವ. ಹೆಡ್‌ಮಾಸ್ತರರಾದವರು ಮೀಟಿಂಗು, ಫೈಲು, ಬಿಸಿಯೂಟ ಎಂದು ಓಡಾಡುವುದಷ್ಟೇ ಅಲ್ಲ, ತಮ್ಮ ಶಿಕ್ಷಕರ ತರಗತಿಯೊಳಗೆ ಹೋಗಿ ಕೂತು, ಪಾಠ ಎಲ್ಲಿ ಎಡವುತ್ತಿದೆ ಎಂದು ನೋಡಿ, ಅವರ ಜೊತೆ ಕೂಡಿ ಸರಿಪಡಿಸುವುದನ್ನು ಕಲಿಸುವ ಕೋರ್ಸು. ಇದನ್ನು ನಮ್ಮ ಅಧ್ಯಕ್ಷರಿಗೆ ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಎಣ್ಣೆ ಮಿಲ್ಲಿನ ಮಾಲೀಕರು ಅವರು, ಮನುಷ್ಯ ಒಳ್ಳೆಯವರು, ಆದರೆ ನಾಯಕತ್ವ ಅಂದರೆ ಭಾಷಣ ಎಂದೇ ತಿಳಿದಿದ್ದರು. ಆಫೀಸಿನ ಗುಮಾಸ್ತನಂತೂ ಗ್ರಾಮ ಪಂಚಾಯಿತಿ ಮೆಂಬರುಗಳೂ ಸೇರಬಹುದೇ ಎಂದು ಕೇಳಿದ್ದ.

ಜಾಹೀರಾತು ಕೊಟ್ಟೆವು. ಮೂರು ಅರ್ಜಿ ಬಂದವು. ಒಬ್ಬರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತೇನೆ, ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿಕೊಳ್ಳಿ ಎಂದರು. ಇನ್ನೊಬ್ಬರು ಸಂದರ್ಶನಕ್ಕೆ ಬಂದವರು ಮುಕ್ಕಾಲು ಗಂಟೆ ತಮ್ಮ ವಿದೇಶ ಪ್ರವಾಸದ ಫೋಟೋ ತೋರಿಸಿದರು. ಮೂರನೆಯವರು ಕೊಟ್ಟೂರು ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದರು, ಹೇಳಿದ ಮೇಲೆ ಮತ್ತೆ ಫೋನ್ ಎತ್ತಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ, ಸುಳ್ಳಲ್ಲ. ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬಳು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, ನನಗೆ ಕಲಿಸಿದ ಮೇಡಂ ಒಬ್ಬರಿದ್ದಾರೆ, ಕರೆಸುವುದಾದರೆ ಅವರನ್ನು ಕರೆಸಿ, ಇಲ್ಲದಿದ್ದರೆ ಈ ಕೋರ್ಸಿನ ಉಸಾಬರಿಯೇ ಬೇಡ ಎಂದುಬಿಟ್ಟೆ.

ಮೇಡಂ ಹುಟ್ಟಿದ್ದು ಇಲ್ಲೇ, ತಂಬ್ರಹಳ್ಳಿಯಲ್ಲಿ. ಓದಿ ಹೊರಗೆ ಹೋಗಿ, ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಭಾಗದ ಪ್ರೊಫೆಸರ್ ಆಗಿ, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಇಪ್ಪತ್ತಾರು ವರ್ಷದ ಹಿಂದೆ ನಾನು ಬಿ.ಇಡಿ. ವಿದ್ಯಾರ್ಥಿನಿಯಾಗಿದ್ದಾಗ ಹರಪನಹಳ್ಳಿಯ ಒಂದು ಹೈಸ್ಕೂಲಿಗೆ ಪಾಠ ಮಾಡುವ ಅಭ್ಯಾಸಕ್ಕೆ ಕಾಲೇಜಿನವರು ನನ್ನನ್ನು ಕಳಿಸಿದ್ದರು. ನಮ್ಮ ಪಾಠ ನೋಡಲು ಬರುತ್ತಿದ್ದ ಬೇರೆ ಮೇಷ್ಟ್ರುಗಳು ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ, ಪುಸ್ತಕಕ್ಕೆ ಸಹಿ ಹಾಕಿ ಚಹಾಕ್ಕೆ ಹೋಗುತ್ತಿದ್ದರು. ಮೇಡಂ ಹಾಗಲ್ಲ. ಕೊನೆಯ ಬೆಂಚಿಗೆ ಹೋಗಿ, ಸ್ವಲ್ಪ ಸರಿಯವ್ವ ಎಂದು ಮಕ್ಕಳ ನಡುವೆ ತೂರಿಕೊಂಡು ಕೂತರು. ನಾನು ಅವತ್ತು ಗಣಿತದಲ್ಲಿ ಸರಾಸರಿಯ ಪಾಠ ಕಲಿಸುತ್ತಿದ್ದೆ. ಮೂರು ದಿನ ಕೂತು ಚಾರ್ಟು ಬರೆದಿದ್ದೆ. ಪಾಠ ಮುಗಿದಾಗ ಬೀಗುತ್ತಾ ಅವರ ಮುಂದೆ ನಿಂತೆ. ಅವರು ಚಾರ್ಟಿನ ಮಾತೇ ಎತ್ತದೆ, "ಕಿಟಕಿ ಪಕ್ಕದ ಹುಡುಗಿ ಏನು ಬರಕೊಂಡ್ಲು?" ಎಂದು ಕೇಳಿದರು.

ಕಿಟಕಿ ಪಕ್ಕ ಹುಡುಗಿ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಬೇಗ ಹೋಗಿ ಆ ಜಾಗದಲ್ಲಿ ಕೂತು ನೋಡಿದೆ. ಅಲ್ಲಿಂದ ಬೋರ್ಡಿನ ಅರ್ಧ ಭಾಗ ಬಿಸಿಲಿಗೆ ಹೊಳೆದು ಏನೂ ಕಾಣುತ್ತಿರಲಿಲ್ಲ. ಹುಡುಗಿಯ ನೋಟ್‌ಬುಕ್ಕು ಇಸಿದುಕೊಂಡು ನೋಡಿದರೆ ವಾರದ ಲೆಕ್ಕಗಳೆಲ್ಲ ಅರ್ಧಂಬರ್ಧ. ನನಗೆ ಅಳು ಬಂತು. ಓಡಿಹೋಗಿ ಮೇಡಂಗೆ ಹೇಳಿದೆ. ಹ್ಞೂಂ ಎಂದರು, ಅಷ್ಟೇ. ಮುಂದಿನ ಪಾಠಕ್ಕೆ ಇನ್ನೊಂದು ಪ್ರಶ್ನೆ. ಹಾಗೆ ನಲವತ್ತು ದಿನ. ನಾನು ಶಿಕ್ಷಕಿಯಾದದ್ದು ಆ ನಲವತ್ತು ದಿನದಲ್ಲಿ, ಆಮೇಲಿನದೆಲ್ಲ ಸಂಬಳಕ್ಕೆ.

ಆಮೇಲೆ ನನ್ನ ತರಗತಿಗೆ ಎಷ್ಟೋ ಸಾಹೇಬರು ಬಂದರು, ಹೋದರು. ಶೌಚಾಲಯ ನೋಡಿದರು, ಗೋಡೆಯ ಬಣ್ಣ ನೋಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ನಾವೂ ಉಸಿರು ಬಿಟ್ಟೆವು. ನನ್ನ ಪಾಠದ ಬಗ್ಗೆ ಒಬ್ಬರಾದರೂ ಒಂದು ಮಾತು ಕೇಳಲಿಲ್ಲ. ಕೂಡ್ಲಿಗಿಯಲ್ಲಿ ಒಂಬತ್ತು ವರ್ಷ, ಹಡಗಲಿಯಲ್ಲಿ ಏಳು ವರ್ಷ ಹೈಸ್ಕೂಲಿನಲ್ಲಿದ್ದೆ, ಆಮೇಲೆ ಈ ಕಾಲೇಜಿಗೆ ಬಂದೆ. ಪ್ರತಿ ವರ್ಷ ಜೂನ್ ಬಂತೆಂದರೆ ಹಿಂದಿನ ಬೆಂಚಿನ ಕಡೆ ಕಣ್ಣು ಹೋಗುತ್ತಿತ್ತು. ಯಾರಾದರೂ ಬಂದು ಅಲ್ಲಿ ಕೂತು, ನಾನು ಕಾಣದ್ದನ್ನು ನನಗೆ ತೋರಿಸಲಿ ಎಂದು ಜೀವ ಹಂಬಲಿಸುತ್ತಿತ್ತು. ಕೋರ್ಸಿಗೆ ಪ್ರೊಫೆಸರ್ ಬೇಕಾಗಿದ್ದು ಟ್ರಸ್ಟಿಗೆ. ನನಗೆ ನನ್ನ ಮೇಡಂ ಬೇಕಾಗಿತ್ತು.

ಫೋನ್ ಮಾಡಿದೆ. ಹೆಸರು ಹೇಳುವ ಮೊದಲೇ ದನಿ ಗುರುತು ಹಿಡಿದರು. ವಿಷಯ ಕೇಳಿ, ಅರ್ಜಿ ಹಾಕುವ ವಯಸ್ಸು ನನ್ನದಲ್ಲ, ಮೂರು ದಿನ ಬಂದು ನೋಡುತ್ತೇನೆ ಎಂದರು. ಎರಡು ದಿನ ಸುತ್ತಲಿನ ಶಾಲೆಗಳನ್ನು, ಮೂರನೆಯ ದಿನ ನನ್ನ ಒಂದು ಪಾಠವನ್ನು. ಕಾಲೇಜಿಗೆ ಸೇರಿದ ಹೈಸ್ಕೂಲಿನಲ್ಲಿ ನಾನು ಎಂಟನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿದ್ದೆ, ಮೇಡಂ ಅದನ್ನೇ ನೋಡುತ್ತೇನೆ ಎಂದರು. "ಎಂದಿನಂಗ ಇರ್ಲಿ. ನನ್ನ ಸಲುವಾಗಿ ಏನೂ ಮಾಡಬ್ಯಾಡ" ಎಂದು ಎರಡು ಸಲ ಹೇಳಿದರು.

ಮೇಡಂ ಬಸ್ಸಿನಲ್ಲೇ ಬಂದರು, ಒಂದು ಬಟ್ಟೆ ಚೀಲ, ಒಂದು ನೀರಿನ ಬಾಟಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಧ್ಯಕ್ಷರು ಕಾರು ಕಳಿಸುತ್ತೇನೆಂದರೆ ಒಪ್ಪಲಿಲ್ಲ. ಅಧ್ಯಕ್ಷರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಇನ್ನು ಇವರು ನಮ್ಮವರೇ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಎರಡು ದಿನ ನಾವಿಬ್ಬರೂ ಸರಕಾರಿ ಬಸ್ಸಿನಲ್ಲಿ ತಿರುಗಿದೆವು. ಮೊದಲ ದಿನ ಚಿಗಟೇರಿ, ಹರಪನಹಳ್ಳಿ. ಎರಡನೆಯ ದಿನ ಕೂಡ್ಲಿಗಿ, ಅಲ್ಲಿಂದ ಹಗರಿಬೊಮ್ಮನಹಳ್ಳಿ. ಶಾಲೆಗೆ ಹೋದಲ್ಲೆಲ್ಲ ಹೆಡ್‌ಮಾಸ್ತರರು ಕುರ್ಚಿ ಒರೆಸಿ ಕೊಡುತ್ತಿದ್ದರು, ಮೇಡಂ ಕೂರದೆ ವರಾಂಡದಲ್ಲಿ ನಡೆಯುತ್ತಾ ಮಾತಾಡುತ್ತಿದ್ದರು. ಕೂಡ್ಲಿಗಿ ಕಡೆಯ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್, ವಯಸ್ಸು ಐವತ್ತರ ಮೇಲೆ, ಹನ್ನೊಂದು ವರ್ಷದಿಂದ ತಾನು ಯಾವ ಶಿಕ್ಷಕರ ಪಾಠವನ್ನೂ ಪೂರ್ತಿ ಕೇಳಿಲ್ಲ, ಕೇಳಲು ಹೋದರೆ ನಮ್ಮ ಮೇಲೆ ನಂಬಿಕೆ ಇಲ್ಲವೇ ಎನ್ನುತ್ತಾರೆ, ಹೇಗೆ ಹೋಗಿ ಕೂರಬೇಕೆಂದು ಯಾರೂ ಕಲಿಸಲಿಲ್ಲ ಎಂದು ಹೇಳಿಕೊಂಡರು. ಮೇಡಂ ಅವರ ಕೈ ಹಿಡಿದುಕೊಂಡರು. ಬಸ್ಸಿನಲ್ಲಿ ಬರುವಾಗ, ಇಂಥವರು ಇಪ್ಪತ್ತು ಜನ ಸಿಕ್ಕರೆ ಸಾಕು, ಐದು ತಾಲ್ಲೂಕಿನ ಶಾಲೆಗಳ ಮುಖವೇ ಬದಲಾಗುತ್ತದೆ ಎಂದು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡರು. ಹೊರಗೆ ಮೆಕ್ಕೆಜೋಳದ ಹೊಲಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವರು ಚೀಲದಿಂದ ಸಣ್ಣ ನೋಟ್‌ಬುಕ್ಕು ತೆಗೆದು, ಅಲುಗಾಡುವ ಬಸ್ಸಿನಲ್ಲೇ ಮೊದಲ ವರ್ಷದ ಪಾಠಗಳ ಪಟ್ಟಿ ಬರೆಯತೊಡಗಿದರು.

ಅವತ್ತು ಸಂಜೆ ನನ್ನ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ನಮ್ಮ ಕಾಲೇಜಿನ ಹಿಂದಿನ ಓಣಿಯಲ್ಲಿ ಮಹಡಿ ಮನೆಯೊಂದು ಖಾಲಿ ಇತ್ತು. ಮೇಡಂ ತಾವಾಗಿಯೇ ಮೆಟ್ಟಿಲು ಹತ್ತಿ ನೋಡಿದರು. ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮನೆಯೊಡತಿಯನ್ನು ಕೇಳಿದರು. ಅಡುಗೆ ಮನೆಯ ಕಿಟಕಿ ತೆಗೆದು, ಗಾಳಿ ಚೆನ್ನಾಗಿದೆ ಎಂದರು. ಬಾಡಿಗೆಗೆ ಬರದವರು ನೀರಿನ ಮಾತು ಯಾಕೆ ಕೇಳುತ್ತಾರೆ? ನನ್ನ ಮನಸ್ಸು ಆಗಲೇ ಮುಂದಿನ ಜೂನಿಗೆ ಹೋಗಿಬಿಟ್ಟಿತ್ತು. ಮೇಡಂ ಈ ಮೆಟ್ಟಿಲು ಇಳಿದು ಬರುತ್ತಾರೆ, ನಾನು ಪಾಠ ಮಾಡುತ್ತೇನೆ, ಅವರು ಹಿಂದೆ ಕೂರುತ್ತಾರೆ.

ಇನ್ನು ಹೇಳಬೇಕಾದದ್ದು ನನ್ನ ಹಣೆಬರಹ. ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಪದ್ಧತಿ ತಿಳಿಸಬೇಕು. ಶಾಲೆಗೆ ಯಾರಾದರೂ ದೊಡ್ಡವರು ಬರುತ್ತಾರೆಂದರೆ, ಹಿಂದಿನ ದಿನ ಶಾಲೆ ಬಿಡುವಾಗ ಓದು ಬರಹ ಹಿಂದಿರುವ ಮಕ್ಕಳನ್ನು ಮೆಲ್ಲಗೆ ಕರೆದು, ನಾಳೆ ಬರಬೇಡಿ ಎನ್ನುತ್ತೇವೆ. ಹಾಜರಿ ನಾವೇ ಹಾಕುತ್ತೇವೆ. ಇದು ಮೋಸ ಎಂದು ನಮಗೆ ಯಾರಿಗೂ ಅನ್ನಿಸುವುದಿಲ್ಲ. ಮನೆಗೆ ಬೀಗರು ಬಂದಾಗ ಹರಿದ ಚಾಪೆ ಒಳಗಿಡುವುದಿಲ್ಲವೇ, ಹಾಗೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಶಿಕ್ಷಕಿಯೊಬ್ಬರು ಬಹಳ ಪ್ರೀತಿಯಿಂದ ನನಗೆ ಇದನ್ನು ಹೇಳಿಕೊಟ್ಟಿದ್ದರು. ಬಿ.ಇಡಿ. ಮಕ್ಕಳಿಗೆ ಮಾತ್ರ ನಾನು ಗಂಟೆಗಟ್ಟಲೆ ಇದರ ವಿರುದ್ಧ ಪಾಠ ಮಾಡುತ್ತೇನೆ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮೇಡಂ ಮನೆ ನೋಡಿದ ಆ ಸಂಜೆ, ಅವರನ್ನು ಗೆಸ್ಟ್ ರೂಮಿಗೆ ಬಿಟ್ಟು ನಾನು ಶಾಲೆಗೆ ಓಡಿದೆ. ಗಂಟೆ ಹೊಡೆಯುವುದರಲ್ಲಿತ್ತು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ನಾಲ್ಕು ಮಕ್ಕಳು ಕೂರುತ್ತಿದ್ದರು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಮಗ್ಗಿ ಬರುತ್ತಿರಲಿಲ್ಲ, ಓದುವಾಗ ಅಕ್ಷರ ಕೂಡಿಸಿಕೊಳ್ಳಬೇಕಿತ್ತು. ಮೇಡಂ ಬಂದರೆ ಅದೇ ಬೆಂಚಿಗೆ ಹೋಗುತ್ತಾರೆ, ಇವರ ನಡುವೆಯೇ ಕೂರುತ್ತಾರೆ, ಇವರ ನೋಟ್‌ಬುಕ್ಕನ್ನೇ ನೋಡುತ್ತಾರೆ. ಇಪ್ಪತ್ತಾರು ವರ್ಷ ಆದಮೇಲೆ ನಾನು ಅವರಿಗೆ ತೋರಿಸುವುದು ಇದನ್ನೇ? ನಾಲ್ವರನ್ನೂ ಕರೆದೆ. ನಾಳೆ ದೊಡ್ಡವರು ಬರುತ್ತಾರೆ, ಬೆಂಚು ಸಾಲುವುದಿಲ್ಲ, ನೀವು ನಾಡಿದ್ದು ಬನ್ನಿ ಎಂದೆ. ಹುಡುಗರು ರಜೆ ಸಿಕ್ಕಿತೆಂದು ಕುಣಿಯುತ್ತಾ ಹೋದರು. ಒಬ್ಬ ಹುಡುಗಿ ಮಾತ್ರ ನಿಂತು ನನ್ನ ಮುಖ ನೋಡಿ, ಏನೋ ಕೇಳಬೇಕೆಂದವಳು ಕೇಳದೆ ಹೋದಳು.

ಆ ಸಂಜೆ ಉಳಿದ ಮಕ್ಕಳನ್ನು ಅರ್ಧ ಗಂಟೆ ಕೂರಿಸಿಕೊಂಡು ಮರುದಿನದ ಪಾಠವನ್ನು ಒಂದು ಸಲ ಮಾಡಿಯೂ ಬಿಟ್ಟೆ. ಅನುಪಾತದ ಪಾಠ. ಎರಡು ಸೇರು ಮಂಡಕ್ಕಿಗೆ ಒಂದು ಪಾವು ಪುಟಾಣಿ, ಆರು ಸೇರಿಗೆ ಎಷ್ಟು? ಹೀಗೆ.

ಮರುದಿನ ಮೇಡಂ ಬಂದರು, ನೇರ ಕೊನೆಯ ಬೆಂಚಿಗೆ ಹೋದರು. ಇಡೀ ಬೆಂಚು ಖಾಲಿ. ಒಂದು ಕ್ಷಣ ನಿಂತು ನೋಡಿ, ಒಬ್ಬರೇ ನಡುವೆ ಕೂತರು. ಪಾಠ ಶುರುವಾಯಿತು. ನಾನು ಕೇಳಿದ್ದೇ ತಡ, ಬಾಣಲೆಯಲ್ಲಿ ಮಂಡಕ್ಕಿ ಸಿಡಿದ ಹಾಗೆ ಉತ್ತರಗಳು. ಒಬ್ಬಳು ಬೋರ್ಡಿಗೆ ಬಂದು ಕೈ ನಡುಗದೆ ಲೆಕ್ಕ ಬಿಡಿಸಿದಳು. ಸುಣ್ಣದ ಕಡ್ಡಿ ಒಂದೂ ಮುರಿಯಲಿಲ್ಲ. ಗಂಟೆ ಹೊಡೆಯುವುದಕ್ಕೂ ನನ್ನ ಕೊನೆಯ ಮಾತು ಮುಗಿಯುವುದಕ್ಕೂ ಸರಿಹೋಯಿತು. ನನ್ನ ಜೀವಮಾನದಲ್ಲಿ ಅಷ್ಟು ನುಣ್ಣಗಿನ ಪಾಠ ಮಾಡಿರಲಿಲ್ಲ.

ವರಾಂಡದಲ್ಲಿ ಅವರ ಪಕ್ಕ ನಿಂತೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು, ಚೆನ್ನಾಗಿತ್ತು ಎಂದರು.

ಅಷ್ಟೇ. ನಾನು ಇನ್ನೂ ಕಾಯುತ್ತಲೇ ಇದ್ದೆ. ಅಷ್ಟರಲ್ಲಿ ಅಧ್ಯಕ್ಷರು ಬಂದು ಸಭಾಂಗಣಕ್ಕೆ ಕರೆದೊಯ್ದರು. ಮೇಡಂ ಏನೂ ಮಾಡಬೇಡಿ ಎಂದಿದ್ದರೂ ಅಧ್ಯಕ್ಷರು ಶಾಲು, ಪೇಟ, ಹಣ್ಣಿನ ಬುಟ್ಟಿ, ಹಡಗಲಿಯಿಂದ ಮಲ್ಲಿಗೆಯ ಹಾರ ಎಲ್ಲ ತರಿಸಿದ್ದರು. ಸನ್ಮಾನವಿಲ್ಲದೆ ಕಳಿಸಿದರೆ ಊರಿಗೆ ಅವಮಾನ ಎಂಬುದು ಅವರ ಲೆಕ್ಕಾಚಾರ. ಮೇಡಂ ತಲೆ ಬಗ್ಗಿಸಿ ಎಲ್ಲ ಹಾಕಿಸಿಕೊಂಡರು. ಮಾತಾಡಿ ಎಂದರೆ ಕೈ ಮುಗಿದು ಕೂತರು.

ಮಧ್ಯಾಹ್ನ ನಾನೊಬ್ಬಳೇ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಕಲ್ಲು ಬೆಂಚಿನ ಮೇಲೆ ಕೂತೆವು. ಹೊಸಪೇಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮೇಡಂ, ನೀವು ನನ್ನನ್ನು ಏನೂ ಕೇಳಲಿಲ್ಲ ಎಂದೆ. ಐವತ್ತು ದಾಟಿದ ಹೆಂಗಸು ನಾನು, ಮಗುವಿನ ಹಾಗೆ ಅವರ ಸೆರಗು ಹಿಡಿದುಕೊಂಡಿದ್ದೆ.

ಅವರು ರಸ್ತೆ ನೋಡುತ್ತಲೇ ಹೇಳಿದರು. "ಬೋರ್ಡಿನ ಮೂಲ್ಯಾಗ ಹಾಜರಿ ನಲವತ್ತೆರಡು ಅಂತ ಬರದಿದ್ದಿ. ನಾ ಎಣಿಸಿದೆ, ಮೂವತ್ತೆಂಟು ಮಂದಿ ಇದ್ರು. ನಾ ಕೂತಿದ್ದು ಯಾರ ಜಾಗ?"

ಪ್ರಶ್ನೆ ಬಂದಿತ್ತು. ಇಪ್ಪತ್ತಾರು ವರ್ಷ ಕಾದ ಪ್ರಶ್ನೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕೂ ಮಕ್ಕಳ ಹೆಸರು ಹೇಳಿದೆ. ನಾನೇ ಬರಬೇಡಿ ಎಂದೆ ಎಂದೂ ಹೇಳಿದೆ. ಮುಂದಿನ ಸಲ ಹೀಗೆ ಮಾಡುವುದಿಲ್ಲ, ನೀವು ಬನ್ನಿ, ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಏನೇನೋ ಬಡಬಡಿಸಿದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

"ಎಲ್ಲಿ ಹೋದ್ರೂ ನಿನ್ನ ಕತಿ ಹೇಳ್ತಿದ್ದೆ ನಾನು. ಹರಪನಹಳ್ಳ್ಯಾಗ ಒಬ್ಬಾಕಿ ಇದ್ಲು, ಮರುದಿನ ಬೇಗ ಬಂದು ಆ ಹುಡುಗಿ ಜಾಗದಾಗ ಕೂತು ನೋಡಿದ್ಲು ಅಂತ. ನಾ ಕಲಿಸಿದ್ದು ಒಬ್ಬಾಕಿಗಾದ್ರೂ ಹತ್ಯೈತಿ ಅನ್ನಾಕ ನನ್ನ ಹತ್ರ ಇದ್ದಿದ್ದು ನೀ ಒಬ್ಬಾಕಿನ." ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಹೇಳಿದರು. "ನನಗ ಬರಬೇಕು ಅಂತ ಭಾಳ ಇತ್ತವ್ವ. ಆದ್ರ ಇನ್ನ ಇಪ್ಪತ್ತು ಮಂದಿಗೆ ಏನು ಕಲಿಸ್ಲಿ ಅನ್ನೋದು ನನಗ ಈಗ ತಿಳಿವಲ್ದು."

ಬಸ್ಸು ಬಂತು. ಹತ್ತುವಾಗ ನನ್ನ ಕೆನ್ನೆ ಮುಟ್ಟಿದರು. ಹಣ್ಣಿನ ಬುಟ್ಟಿಯನ್ನು ಮಕ್ಕಳಿಗೆ ಕೊಡು ಎಂದು ನನ್ನ ಕೈಯಲ್ಲೇ ಬಿಟ್ಟು ಹೋದರು. ವಾರದ ಮೇಲೆ ಟ್ರಸ್ಟಿಗೆ ಎರಡು ಸಾಲಿನ ಕಾಗದ ಬಂತು, ಆರೋಗ್ಯದ ಕಾರಣ ಒಪ್ಪಿಕೊಳ್ಳಲಾಗುತ್ತಿಲ್ಲ ಎಂದು.

ಅಧ್ಯಕ್ಷರು ಅದನ್ನು ನಂಬಲಿಲ್ಲ. ನಮ್ಮ ಊರು ಸಣ್ಣದಾಯಿತು ಅವರಿಗೆ, ದೊಡ್ಡ ಊರಿನ ನೀರು ಕುಡಿದವರು ಎಂದು ಕಂಡಕಂಡವರಿಗೆ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನೇ ಸಮಾಧಾನ ಮಾಡಿದರು. ಸಿಟ್ಟಿನವಳು ಎಂದು ಹೆಸರು ಹೊತ್ತ ನಾನು ಅವತ್ತು ಬಾಯಿ ಬಿಡಲಿಲ್ಲ. ಮಹಡಿ ಮನೆಯಲ್ಲಿ ಅವರು ನಲ್ಲಿ ನೀರಿನ ಮಾತು ಕೇಳಿದ್ದನ್ನು ಹೇಳಲಿಲ್ಲ, ಬಸ್ಸಿನಲ್ಲಿ ಬರೆದ ಪಟ್ಟಿಯ ವಿಷಯ ಹೇಳಲಿಲ್ಲ. ಕೋರ್ಸಿಗೆ ಈಗ ದಾವಣಗೆರೆ ಕಡೆಯಿಂದ ಒಬ್ಬ ಪ್ರೊಫೆಸರ್ ಬಂದಿದ್ದಾರೆ. ಸಜ್ಜನರು, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಪರದೆಯ ಮೇಲೆ ಚೆನ್ನಾಗಿ ವಿವರಿಸುತ್ತಾರೆ. ಆ ಕೂಡ್ಲಿಗಿಯ ಹೆಡ್‌ಮಿಸ್ಟ್ರೆಸ್ ಮೊದಲ ಬ್ಯಾಚಿಗೇ ಸೇರಿದರು. ಅವರು ಒಂದು ದಿನ, ಆ ಮೇಡಂ ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಆ ಹಿಂದಿನ ಓಣಿಯಲ್ಲಿ ನಾನು ಈಗ ಹೋಗುವುದಿಲ್ಲ. ಹೋದರೆ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೊರಳುತ್ತದೆ, ಮೇಡಂ ಇಳಿದು ಬರುತ್ತಿದ್ದಾರೇನೋ ಎಂದು.

ಅವರು ಹೋದ ಮರುದಿನ ನಾನು ಬುಟ್ಟಿ ಹಿಡಿದು ತರಗತಿಗೆ ಹೋದೆ. ಮಕ್ಕಳೆಲ್ಲ ಕೂತಿದ್ದರು. ಕೊನೆಯ ಬೆಂಚು ಮಾತ್ರ ಖಾಲಿ. ಆ ನಾಲ್ವರೂ ಬಂದಿದ್ದರು, ಆದರೆ ಚೀಲ ಹಿಡಿದುಕೊಂಡು ಬಾಗಿಲ ಹೊರಗೆ ಗೋಡೆಗೆ ಆತು ನಿಂತಿದ್ದರು. ಯಾಕೆ ಒಳಗೆ ಬರಲಿಲ್ಲ ಎಂದು ಗದರಿದೆ. ಅವತ್ತು ಏನೋ ಕೇಳಬೇಕೆಂದು ಕೇಳದೆ ಹೋಗಿದ್ದ ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು.

"ಬಂದವ್ರು ಹೋದ್ರೇನ್ರಿ ಮಿಸ್? ಈಗ ನಾವು ಕುಂದ್ರಬೌದಾ?"